ಬೇಡ ಎನ್ನುವ ಅಧಿಕಾರ

ಲಿಂಬೆಹುಲ್ಲಿನ ಎಣ್ಣೆಯ ವಾಸನೆ ಎಲ್ಲರಿಗೂ ಹಿತವಂತೆ. ನನಗೆ ಹೊಟ್ಟೆ ತೊಳಸುತ್ತದೆ. ಗುಡಗಾಂವಿನಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡಿದ್ದ ನಮ್ಮ ಹೋಟೆಲಿನ ಲಾಬಿಯಲ್ಲಿ ಸದಾ ಆ ಎಣ್ಣೆ ಕಾಯುತ್ತಿತ್ತು. ಹೊರಗಿನ ಧೂಳು, ಚರಂಡಿ, ಡೀಸೆಲ್ ಹೊಗೆ ಯಾವುದರ ಸುಳಿವೂ ಅತಿಥಿಗಳ ಮೂಗಿಗೆ ತಾಗಬಾರದು ಎಂದು. ಒಳಗೇ ಹುಟ್ಟುವ ನಾತಕ್ಕೆ ಯಾವ ಎಣ್ಣೆ ಕಾಯಿಸಬೇಕೆಂದು ಮಾತ್ರ ಯಾರೂ ಯೋಚಿಸಿರಲಿಲ್ಲ.

ಅದು 2006ನೇ ಇಸವಿ. ನನ್ನ ಹೆಸರು ಗಗನ್. ದಾವಣಗೆರೆಯಿಂದ ಹೋದವನು, ಆ ಹೋಟೆಲಿನ ರಿಸೆಪ್ಷನ್ನಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದೆ. ಪದ್ಮಾ ಏಳನೇ ಮಹಡಿಯ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನಮ್ಮ ಪರಿಚಯವಾದದ್ದು ಸಿಬ್ಬಂದಿ ಓಡಾಡುವ ಲಿಫ್ಟಿನಲ್ಲಿ. ಬಟ್ಟೆ ಹೊತ್ತ ಟ್ರಾಲಿಯ ಚಕ್ರ ಬಾಗಿಲಿನ ಸಂದಿಗೆ ಸಿಕ್ಕಿಕೊಂಡಿತ್ತು. ಹೆಂಗಸೊಬ್ಬಳು ಅದನ್ನು ಒದೆಯುತ್ತಾ ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದಳು: "ಥೂ, ನಿನ್ನ ವಂಶ ನಿರ್ವಂಶ ಆಗ."

"ಟ್ರಾಲಿಗೆ ವಂಶ ಇರುತ್ತಾ ಮೇಡಂ?" ಎಂದೆ.

ಅವಳು ತಿರುಗಿ ನೋಡಿದಳು. ನಗಲಿಲ್ಲ. "ಇರುತ್ತೆ. ಸ್ಟೋರಿನಲ್ಲಿ ಇಂಥವು ಇನ್ನೂ ಇಪ್ಪತ್ತಿವೆ. ಬಾ, ಹಿಡಿ ಆ ಕಡೆ," ಎಂದಳು.

ಪದ್ಮಾಳ ತಂದೆ ಚಂದ್ರಪ್ಪ ಹಿರಿಯೂರಿನವರು, ದಿಲ್ಲಿಯ ಯಾವುದೋ ಮಂತ್ರಾಲಯದಲ್ಲಿ ಗುಮಾಸ್ತರಾಗಿದ್ದು ತೀರಿಕೊಂಡವರು. ಅವಳು ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲ ಸರಕಾರಿ ಕ್ವಾರ್ಟರ್ಸುಗಳಲ್ಲೇ. ಗಂಡ ಚಂದ್ರಕಾಂತನೂ ಕೇಂದ್ರ ಸರಕಾರದ ಗುಮಾಸ್ತ. ಕಿದ್ವಾಯಿ ನಗರದ ಎರಡು ಕೋಣೆಯ ಮನೆಯಲ್ಲಿ ಅತ್ತೆ ಸುಶೀಲಮ್ಮ, ಮಗಳು ಅದಿತಿ, ಇವರಿಬ್ಬರು. ಪದವಿ ಮುಗಿಸಿ, ಹೋಟೆಲ್ ಕೆಲಸದ ಸರ್ಟಿಫಿಕೇಟ್ ಮಾಡಿಕೊಂಡು, ಸಣ್ಣ ಗೆಸ್ಟ್‌ಹೌಸುಗಳಲ್ಲಿ ದುಡಿದು ಅವಳು ಈ ಹೋಟೆಲಿಗೆ ಬಂದಿದ್ದಳು. ಕ್ವಾರ್ಟರ್ಸಿನ ಕನ್ನಡದ ಹೆಂಗಸರಿಗೆ ಇದು ಅರಗಲಿಲ್ಲ. ಮೇಲಿನ ಮನೆಯ ಇಂದಿರಮ್ಮ ಮೆಟ್ಟಿಲಲ್ಲೇ ನಿಂತು ಕೇಳಿದ್ದರಂತೆ: "ಡಿಗ್ರಿ ಮಾಡಿ ಕಂಡೋರ ಕಕ್ಕಸು ತೊಳೆಯೋದೇನೇ ಪದ್ಮಾ?" ಅತ್ತೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ಸಂಜೆ ಸೊಸೆ ಬಂದೊಡನೆ ಬಚ್ಚಲ ದೀಪ ಹಾಕಿಡುತ್ತಿದ್ದರು. ತಲೆಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವಂತಿರಲಿಲ್ಲ, ಡಿಸೆಂಬರಿನ ಚಳಿಯಲ್ಲೂ.

ಪದ್ಮಾಗೆ ಕೊಳೆಯ ಬಗ್ಗೆ ಹೇಸಿಗೆ ಇರಲಿಲ್ಲ, ಸಿಟ್ಟಿತ್ತು. ಹೊಸದಾಗಿ ಸೇರಿದ ಹುಡುಗಿಯರು ವಾಂತಿ ಬಿದ್ದ ಕಾರ್ಪೆಟ್ಟಿನ ಮುಂದೆ ಮೂಗು ಮುಚ್ಚಿಕೊಂಡು ನಿಂತರೆ, ಅವಳು ಪಕ್ಕದಲ್ಲಿ ಕೂತು ತಾನೇ ಬಟ್ಟೆ ಹಚ್ಚುತ್ತಿದ್ದಳು. "ಯಾರಿಗೋ ಹುಷಾರಿರಲಿಲ್ಲ, ಕಕ್ಕಿದ್ದಾರೆ. ನಿಮ್ಮ ತಮ್ಮ ಕಕ್ಕಿದರೆ ತೆಗೆಯಲ್ವಾ? ತೆಗೆಯಿರಿ, ಕೈ ತೊಳ್ಕೊಳ್ಳಿ, ಮರೆತುಬಿಡಿ," ಎನ್ನುತ್ತಿದ್ದಳು. ಆ ಹುಡುಗಿಯರಲ್ಲೊಬ್ಬಳು ಸಲೋಮಿ. ಝಾರ್ಖಂಡಿನ ಗುಮ್ಲಾ ಕಡೆಯವಳು, ಕಂಟ್ರಾಕ್ಟರನ ಮೂಲಕ ಬಂದವಳು, ಮಾತು ಬಹಳ ಕಡಿಮೆ. ಅವಳು ಹಾಸಿದ ಹಾಸಿಗೆಯ ಮೇಲೆ ಒಂದು ಸುಕ್ಕು ಕಾಣಿಸುತ್ತಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಹೋಟೆಲಿಗೆ ಹೊಸ ಹುಚ್ಚು ಹಿಡಿಯಿತು. ತರಬೇತಿ ವಿಭಾಗದ ಮುಖ್ಯಸ್ಥ ರಾಹುಲ್ ಎಲ್ಲಿಂದಲೋ ಒಂದು ಯೋಜನೆ ತಂದ. ಅತಿಥಿಯ ಎದುರು ನಿಲ್ಲುವವನು ಮ್ಯಾನೇಜರನಲ್ಲ, ಟ್ರಾಲಿ ತಳ್ಳುವ ಹುಡುಗಿ, ತಟ್ಟೆ ಎತ್ತುವ ಹುಡುಗ. ಅವರಿಗೇ ಅಧಿಕಾರ ಕೊಟ್ಟರೆ ಕೆಲಸ ತಾನಾಗಿ ಸುಧಾರಿಸುತ್ತದೆ ಎಂಬುದು ಅದರ ಸಾರ. ಮಾತು ಸುಳ್ಳೇನಲ್ಲ. ಬ್ಯಾಂಕ್ವೆಟ್ ಹಾಲಿನಲ್ಲಿ ನಮ್ಮನ್ನೆಲ್ಲ ಸೇರಿಸಿ, ಸಮೋಸ ತಿನ್ನಿಸಿ, ಎಲ್ಲರ ಎದೆಗೂ ಹಳದಿ ಬ್ಯಾಡ್ಜ್ ಚುಚ್ಚಿದರು. ಅದರ ಮೇಲೆ "ಫೈಸ್ಲಾ ಮೇರಾ" ಎಂದಿತ್ತು. ತೀರ್ಮಾನ ನನ್ನದು.

"ಯಾರ ಅನುಮತಿಯೂ ಬೇಡ," ಎಂದು ರಾಹುಲ್ ವೇದಿಕೆಯ ಮೇಲೆ ಅತ್ತಿಂದಿತ್ತ ನಡೆಯುತ್ತಾ ಹೇಳಿದ. "ನಿಮ್ಮ ಮನಸ್ಸಿಗೆ ಸರಿ ಅನಿಸಿದ್ದನ್ನು ಅಲ್ಲೇ, ಆಗಲೇ ಮಾಡಿ. ಹೋಟೆಲ್ ನಿಮ್ಮ ಹಿಂದೆ ನಿಲ್ಲುತ್ತೆ." ಜನರಲ್ ಮ್ಯಾನೇಜರ್ ಸಭರ್ವಾಲ್ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು.

ಮೊದಲ ತಿಂಗಳು ಯಾರೂ ಆ ಬ್ಯಾಡ್ಜನ್ನು ನಂಬಲಿಲ್ಲ. ನಂಬಿಸಿದವಳು ಪದ್ಮಾ. ಬೆಳಿಗ್ಗೆ ಹುಡುಗಿಯರನ್ನು ಹಾಸು-ಹೊದಿಕೆ ಇಡುವ ಲಿನೆನ್ ರೂಮಿನಲ್ಲಿ ನಿಲ್ಲಿಸಿಕೊಂಡು, "ಇವತ್ತು ನನ್ನನ್ನ ಏನೂ ಕೇಳಬೇಡಿ. ಮಾಡಿ, ಆಮೇಲೆ ಹೇಳಿ. ತಪ್ಪಾದರೆ ಬೈಗುಳ ನನಗೆ," ಎನ್ನುತ್ತಿದ್ದಳು. ಮಾನೇಸರಿನ ಕಾರ್ಖಾನೆಗೆ ಬಂದಿದ್ದ ಒಬ್ಬ ಜಪಾನಿ ಇಂಜಿನಿಯರ್ ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗುವುದನ್ನು ಸಲೋಮಿ ಕಂಡಳು. ಹಳೆಯ ಕಾಲವಾಗಿದ್ದರೆ ಅದನ್ನು ಹೇಳಲು ಮೂರು ಜನರನ್ನು ದಾಟಬೇಕಿತ್ತು. ಅವಳು ಸೀದಾ ಬಡಗಿಯ ಹತ್ತಿರ ಹೋಗಿ ಹಲಗೆ ಕೊಯ್ಯಿಸಿ, ಮೆತ್ತನೆಯ ಹಾಸಿಗೆ ತೆಗೆದು, ಹಲಗೆಯ ಮೇಲೆ ತೆಳು ರಜಾಯಿ ಹಾಸಿ ಬಂದಳು. ಆ ಮನುಷ್ಯ ಮರುದಿನ ರಿಸೆಪ್ಷನ್ನಿಗೆ ಬಂದು ನನಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ. ಯಾಕೆಂದು ನನಗೆ ಗೊತ್ತೇ ಇರಲಿಲ್ಲ.

ಹೀಗೆ ಒಂದೊಂದೇ. ಕೆಮ್ಮುತ್ತಿದ್ದ ಮುದುಕಿಗೆ ಓಂಕಾಳಿನ ನೀರು ತಾನಾಗಿ ಹೋಗುತ್ತಿತ್ತು. ಕೆಟ್ಟ ಬಲ್ಬು ಅತಿಥಿ ಕಾಣುವ ಮೊದಲೇ ಬದಲಾಗುತ್ತಿತ್ತು. ಏಳನೇ ಮಹಡಿಯಿಂದ ನನಗೆ ದೂರು ಬರುವುದೇ ನಿಂತಿತು. ಹುಡುಗಿಯರ ನಡಿಗೆಯೇ ಬೇರೆಯಾಯಿತು. ಗೋಡೆ ಸವರಿಕೊಂಡು ಓಡಾಡುತ್ತಿದ್ದವರು ಕಾರಿಡಾರಿನ ನಡುವೆ ನಡೆಯತೊಡಗಿದರು. ಪದ್ಮಾಳ ಫೋಟೋ ಕ್ಯಾಂಟೀನಿನ ಗೋಡೆಗೆ ಬಂತು. ಅವಳಿಗೆ ಅದರಿಂದ ಮುಜುಗರ. "ಊಟ ಮಾಡೋವಾಗ ನನ್ನ ಮುಖ ನಾನೇ ನೋಡಬೇಕು, ಕರ್ಮ," ಎನ್ನುತ್ತಿದ್ದಳು. ಆದರೆ ಖುಷಿಯಾಗಿದ್ದಳು. ನಾನು ಕಂಡ ಪದ್ಮಾ ಅಷ್ಟು ಖುಷಿಯಾಗಿದ್ದದ್ದು ಆಗ ಮಾತ್ರ.

ಮಳೆಗಾಲ ಮುಗಿಯುವ ಹೊತ್ತಿಗೆ 712ಕ್ಕೆ ಒಬ್ಬ ಬಂದ. ಅವನ ಹೆಸರು ನನಗೆ ಗೊತ್ತು, ಬರೆಯಲು ಕೈ ಬರುವುದಿಲ್ಲ. ಹೋಟೆಲಿನಲ್ಲಿ ನಾವು ಅತಿಥಿಗಳನ್ನು ಕೋಣೆಯ ನಂಬರಿನಿಂದಲೇ ಗುರುತಿಸುತ್ತಿದ್ದೆವು, ಅದೇ ಸಾಕು. ಮಾನೇಸರಿಗೆ ಬಿಡಿಭಾಗ ಕಳಿಸುವ ದೊಡ್ಡ ಕಂಪನಿಯೊಂದರಲ್ಲಿ ಖರೀದಿ ವಿಭಾಗದ ಹಿರಿಯ. ಆ ಕಂಪನಿ ನಮ್ಮಲ್ಲಿ ಒಂದಿಡೀ ಮಹಡಿಯಷ್ಟು ಕೋಣೆಗಳನ್ನು ವರ್ಷಪೂರ್ತಿ ಹಿಡಿದಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ, ರಿಸೆಪ್ಷನ್ನಿನಲ್ಲಿ ನಿಂತಾಗ ನನಗೂ "ಥ್ಯಾಂಕ್ಯೂ ಬೇಟಾ" ಎನ್ನುವವನು.

ಕೆಲವು ದಿನಗಳಾದ ಮೇಲೆ 712ರ ಟವೆಲುಗಳು ಪಾನ್ ಮಸಾಲಾದ ಕೆಂಪು ಉಗುಳಿನಲ್ಲಿ ಅದ್ದಿಹೋಗಿ ಲಾಂಡ್ರಿಗೆ ಬರತೊಡಗಿದವು. ಆಮೇಲೆ ಬಾತ್‌ಟಬ್ಬಿನೊಳಗೆ ಉಗುಳು. ದಿಂಬಿನ ಚೀಲದೊಳಗೆ ಕೋಳಿಮೂಳೆ. ಆಮೇಲೆ ಅದಕ್ಕಿಂತ ಹೊಲಸು. ನಾಲ್ಕು ಹೆಜ್ಜೆ ದೂರದಲ್ಲಿ ಕಮೋಡಿದ್ದೂ ಸ್ನಾನದ ಟಬ್ಬನ್ನು ಬಳಸುವ ಮನುಷ್ಯನನ್ನು ನೀವು ಕಲ್ಪಿಸಿಕೊಳ್ಳಬಲ್ಲಿರಾದರೆ ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ. ಕುಡಿದು ಹಾಗೆ ಮಾಡುತ್ತಾನೆಂದು ಪದ್ಮಾ ಮೊದಲು ಅಂದುಕೊಂಡಳು. ಕಾಯಿಲೆ ಇರಬಹುದೆಂದೂ ಯೋಚಿಸಿದಳು. ಸಲೋಮಿಯನ್ನು ಕೇಳಿದರೆ ಅವಳು, "ಆಯ್ತು ದೀದಿ, ಕ್ಲೀನ್ ಮಾಡಿದೆ," ಎಂದಷ್ಟೇ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ಪದ್ಮಾ ಲಿನೆನ್ ರೂಮಿನ ಬಾಗಿಲು ತೆರೆದಾಗ ಸಲೋಮಿ ಬಕೆಟ್ಟಿನ ಮೇಲೆ ಬಗ್ಗಿ ಕಕ್ಕುತ್ತಿದ್ದಳು. ಕೈಗೆ ಗ್ಲೌಸ್ ಇರಲಿಲ್ಲ. ಮೊಣಕೈಯವರೆಗೂ ಫಿನಾಯಿಲ್ ಸುರಿದುಕೊಂಡು ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು.

"ಗ್ಲೌಸ್ ಎಲ್ಲಿ?"

ಸಲೋಮಿ ಬಕೆಟ್ಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಒಂದೊಂದೇ ಮಾತು ಹೊರಬಂತು. ಅವನು ತಾನೇ ಬಾಗಿಲು ತೆರೆದು ಕರೆಯುತ್ತಾನೆ. ಕುರ್ಚಿಯನ್ನು ಬಾತ್‌ರೂಮಿನ ಬಾಗಿಲಿಗೆ ಎಳೆದುಕೊಂಡು ಚಹಾ ಹಿಡಿದು ಕೂರುತ್ತಾನೆ. ಅವಳು ಮುಗಿಸುವ ತನಕ ನೋಡುತ್ತಾನೆ. ಬ್ರಶ್ಶಿನ ಸದ್ದು ತನಗಾಗುವುದಿಲ್ಲ, ಕೈಯಿಂದಲೇ ತೆಗಿ ಎನ್ನುತ್ತಾನೆ. ಇವತ್ತು ಗ್ಲೌಸ್ ಬಿಚ್ಚು ಎಂದ. ರಬ್ಬರಿನ ವಾಸನೆ ತನಗೆ ಅಲರ್ಜಿಯಂತೆ.

"ನನಗೆ ಯಾಕೆ ಹೇಳಲಿಲ್ಲ?"

"ಅತಿಥಿ ಖುಷಿಯಾಗಿರಬೇಕು ಅಂದಿದ್ರಲ್ಲ ದೀದಿ, ಟ್ರೈನಿಂಗಲ್ಲಿ," ಎಂದಳು ಸಲೋಮಿ. "ಅವನು ಖುಷಿಯಾಗೇ ಇದ್ದ."

ಪದ್ಮಾ 712ರ ಬಾಗಿಲು ತಟ್ಟಿದಳು. ಅಲ್ಲಿ ನಡೆದ ಮಾತನ್ನು ಅವಳು ನನಗೆ ಅದೇ ದಿನ ಹೇಳಿದಳು. ಅವನು ಟೈ ಕಟ್ಟಿಕೊಳ್ಳುತ್ತಿದ್ದನಂತೆ. ಹುಡುಗಿ ದೂರು ಕೊಟ್ಟಳೇ ಎಂದು ಮೆಲ್ಲಗೆ ಕೇಳಿದನಂತೆ.

"ನಾನು ಅವಳನ್ನ ಮುಟ್ಟಿದೆನಾ? ಕೇಳಿ ನೋಡಿ. ಒಂದು ಬೆರಳೂ ಸೋಕಿಸಿಲ್ಲ. ಒಂದು ಕೆಟ್ಟ ಮಾತೂ ಆಡಿಲ್ಲ. ಹೊಲಸು ತೆಗೆಯೋದು ಅವಳ ಕೆಲಸ, ಅವಳು ತೆಗೆದಳು."

"ಮಧ್ಯಾಹ್ನದೊಳಗೆ ರೂಮ್ ಖಾಲಿ ಮಾಡಿ," ಎಂದಳು ಪದ್ಮಾ.

ಅವನು ನಕ್ಕ. ಅವಳು ಹೊರಗೆ ಬಂದು ನನಗೆ ಫೋನ್ ಮಾಡಿದಳು. "ಗಗನ್, ಏಳುನೂರ ಹನ್ನೆರಡು ಚೆಕ್ ಔಟ್ ಹಾಕು. ಕೀ ಕಾರ್ಡ್ ಬಂದ್ ಮಾಡು."

"ಯಾರು ಹೇಳಿದ್ದು?"

"ನಾನು ಹೇಳ್ತಿರೋದು."

"ಸಭರ್ವಾಲ್ ಸಾಹೇಬರಿಗೆ..."

"ನಿನ್ನ ಎದೆ ಮೇಲೂ ಒಂದು ಹಳದಿ ಬ್ಯಾಡ್ಜ್ ಇದೆಯಲ್ಲಪ್ಪ, ಅದನ್ನ ಓದು," ಎಂದಳು. ನಾನು ಚೆಕ್ ಔಟ್ ಹಾಕಿದೆ. ಅವನು ಹೊರಗೆ ಹೋಗಿದ್ದಾಗ ಪದ್ಮಾ ತಾನೇ ಅವನ ಬಟ್ಟೆಗಳನ್ನು ಮಡಿಸಿ, ಪೆಟ್ಟಿಗೆಗೆ ತುಂಬಿ, ಕೆಳಗೆ ತಂದಿಟ್ಟಳು. ಬಹಳ ಅಚ್ಚುಕಟ್ಟಾಗಿ ಮಡಿಸಿದ್ದಳು.

ಸಂಜೆ ನಮ್ಮಿಬ್ಬರನ್ನೂ ಸಭರ್ವಾಲರ ಕೋಣೆಗೆ ಕರೆಸಿದರು. ರಾಹುಲ್ ಆಗಲೇ ಅಲ್ಲಿ ಕೂತಿದ್ದ. 712ರವನನ್ನು ಒಂಬತ್ತನೇ ಮಹಡಿಯ ದುಬಾರಿ ದೊಡ್ಡ ಕೋಣೆಗೆ ಏರಿಸಿ ಆಗಿತ್ತು, ಹೋಟೆಲಿನ ಖರ್ಚಿನಲ್ಲಿ. ಮೇಜಿನ ಮೇಲೆ ಒಂದು ಹಣ್ಣಿನ ಬುಟ್ಟಿ ಇತ್ತು. ಜರತಾರಿ ರಿಬ್ಬನ್ ಕಟ್ಟಿ, ಅದರೊಳಗೊಂದು ಕ್ಷಮಾಪಣೆಯ ಕಾರ್ಡು ಸಿಕ್ಕಿಸಿದ್ದರು. ಪದ್ಮಾ ಸಹಿ ಮಾಡಿ, ತಾನೇ ಒಯ್ದು ಕೊಡಬೇಕು.

ಸಭರ್ವಾಲ್ ಕೂಗಾಡುವವರಲ್ಲ. ಮಗುವಿಗೆ ಹೇಳುವಂತೆ ಹೇಳಿದರು: "ಪದ್ಮಾಜೀ, ನೀವು ಸ್ವಲ್ಪ ತಪ್ಪು ತಿಳ್ಕೊಂಡಿದ್ದೀರಿ. ಅಧಿಕಾರ ಕೊಟ್ಟದ್ದು ಅತಿಥಿಗೆ ಏನಾದರೂ ಕೊಡೋಕೆ. ಬೇಡ ಅನ್ನೋಕಲ್ಲ."

"ಸರ್, ನೀವು ಆ ಬಾತ್‌ರೂಮ್ ನೋಡಿದ್ರಾ?"

"ನಾನು ಯಾಕೆ ನೋಡಲಿ? ಅದನ್ನ ನೋಡೋಕೆ ಜನ ಇದ್ದಾರಲ್ಲ."

ರಾಹುಲ್ ಮುಂದಕ್ಕೆ ಬಾಗಿದ. ಅವನ ಮೈಯಿಂದ ದುಬಾರಿ ಸೆಂಟಿನ ಘಾಟು ಬರುತ್ತಿತ್ತು. "ದೀದಿ, ಇದನ್ನ ಪರ್ಸನಲ್ ಆಗಿ ತಗೋಬೇಡಿ. ನಾವಿದನ್ನ ಸರ್ವಿಸ್ ರಿಕವರಿ ಅಂತೀವಿ, ಮುನಿದ ಅತಿಥಿನ ಒಲಿಸಿಕೊಳ್ಳೋದು. ಒಂದು ಸಹಿ, ಒಂದು ಮುಗುಳ್ನಗೆ, ಚಲೋ, ಮುಗೀತು. ಆ ಹುಡುಗಿಗೂ ಏನಾದರೂ ಗಿಫ್ಟ್ ಹ್ಯಾಂಪರ್ ಕೊಡೋಣ."

ಗಿಫ್ಟ್ ಹ್ಯಾಂಪರ್! ಪದ್ಮಾ ಬುಟ್ಟಿಯನ್ನು ನೋಡಿದಳು, ಅವನನ್ನು ನೋಡಿದಳು. "ನನ್ನಿಂದಾಗಲ್ಲ," ಎಂದು ಎದ್ದು ಹೋದಳು. ಕಾರ್ಡಿಗೆ ಕೊನೆಗೆ ರಾಹುಲನೇ ಅವಳ ಹೆಸರು ಗೀಚಿ ಬುಟ್ಟಿ ಕಳಿಸಿಕೊಟ್ಟ.

ಮರುದಿನ ಬೆಳಿಗ್ಗೆ ಲಿನೆನ್ ರೂಮಿನಲ್ಲಿ ಒಂಬತ್ತನೇ ಮಹಡಿಯ ಹುಡುಗಿಯರೂ ಬಂದು ನಿಂತಿದ್ದರು. ಪದ್ಮಾ ನಡೆದದ್ದನ್ನು ಇದ್ದ ಹಾಗೇ ಹೇಳಿದಳು. ಭಾಷಣ ಮಾಡಲಿಲ್ಲ. "ಅವನು ಈಗ ಒಂಬತ್ತರಲ್ಲಿದ್ದಾನೆ. ಒಳಗೆ ಹೋಗಿ ಅಂತ ಹೇಳೋ ಬಾಯಿ ನನಗಿಲ್ಲ. ಹೋಗಬೇಡಿ ಅಂತ ಹೇಳೋ ಅಧಿಕಾರ ನನಗಿಲ್ಲವಂತೆ," ಎಂದಳು.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂಬತ್ತನೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಗಢವಾಲದ ಬಿಮಲಾ ತನ್ನ ಬ್ಯಾಡ್ಜನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ನಮಗಿದೆ ದೀದಿ. ಫೈಸ್ಲಾ ಆಯ್ತು. ಆ ರೂಮಿಗೆ ಯಾರೂ ಹೋಗಲ್ಲ."

ಹೋಗಲಿಲ್ಲ. ಹೆದರಿಸಿದರು, ಕಂಟ್ರಾಕ್ಟರನನ್ನು ಕರೆಸಿ ಬೈಸಿದರು, ಗಂಡಸು ಹುಡುಗರನ್ನು ಕಳಿಸಲು ನೋಡಿದರು. ಹುಡುಗರೂ ತಲೆ ಅಲ್ಲಾಡಿಸಿದರು. ಬಾಕಿ ಎಲ್ಲ ಕೋಣೆಗಳೂ ಹೊಳೆಯುತ್ತಿದ್ದವು, ಅದೊಂದು ಮಾತ್ರ ಹಾಗೇ ಬಿದ್ದಿತ್ತು. ಕೊನೆಗೆ ಸಭರ್ವಾಲ್ ಹೇಳಿದರು: "ರಾಹುಲ್, ನೀನು ಮತ್ತು ಗಗನ್ ಹೋಗಿ ಮುಗಿಸಿ ಬನ್ನಿ. ಮುಂದಾಳು ಮಾಡಿ ತೋರಿಸಬೇಕು." ತಾವು ಮಾತ್ರ ಕುರ್ಚಿಯಿಂದ ಏಳಲಿಲ್ಲ.

ನಾವು ಬಕೆಟ್ ಹಿಡಿದು ಹೋದೆವು. ಅವನೇ ಬಾಗಿಲು ತೆರೆದ. ನಮ್ಮನ್ನು ಕಂಡು ಮುಖ ಸಣ್ಣದಾಯಿತು. "ಹುಡುಗಿಯರೆಲ್ಲಿ?" ಎಂದ. ಬಾತ್‌ರೂಮಿನ ಬಾಗಿಲ ಎದುರು ಕುರ್ಚಿ ಆಗಲೇ ಎಳೆದಿಟ್ಟಿತ್ತು. ಅದರ ಪಕ್ಕದಲ್ಲಿ ಚಹಾದ ಕಪ್ಪು. ಒಳಗೆ ಏನಿತ್ತೆಂದು ಬರೆಯುವುದಿಲ್ಲ. ರಾಹುಲ್ ಒಂದು ಉಸಿರು ಎಳೆದುಕೊಂಡವನೇ ಹೊರಗೋಡಿ ಕಾರಿಡಾರಿನ ಹೂಕುಂಡದಲ್ಲಿ ಕಕ್ಕಿದ. ನಾನು ಮುಗಿಸಿದೆ. ಪದ್ಮಾ ಹೇಳುತ್ತಿದ್ದ ಹಾಗೆ, ಹುಷಾರಿಲ್ಲದ ತಮ್ಮನದು ಎಂದುಕೊಂಡು ತೆಗೆಯಲು ನೋಡಿದೆ. ಆಗಲಿಲ್ಲ. ಅದು ಹುಷಾರಿಲ್ಲದವನದಲ್ಲ. ಅವನು ಹಾಸಿಗೆಯ ಮೇಲೆ ಕೂತು ಟಿವಿಯಲ್ಲಿ ಕ್ರಿಕೆಟ್ ಹಾಕಿಕೊಂಡ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನು ನೋಡುವುದರಲ್ಲಿ ಅವನಿಗೆ ರುಚಿಯಿರಲಿಲ್ಲ.

ಮರುದಿನ ನಾವು ಹೋದಾಗ ಬಾತ್‌ರೂಮು ಕನ್ನಡಿಯಂತಿತ್ತು. ಟಬ್ಬು ಒಣಗಿತ್ತು. ಟವೆಲು ಮಡಿಸಿ ಕೊಕ್ಕೆಗೆ ಹಾಕಿತ್ತು. ಬೇಸಿನ್ನಿನಲ್ಲಿ ಒಂದು ಕೂದಲಿರಲಿಲ್ಲ. ಅದರ ಮರುದಿನವೂ ಹಾಗೇ.

ನಿಜವಾದ ಹೇಸಿಗೆ ನನಗಾದದ್ದು ಆ ಸ್ವಚ್ಛ ಬಾತ್‌ರೂಮನ್ನು ಕಂಡಾಗ. ಹಿಂದಿನ ದಿನದ್ದನ್ನು ತೊಳೆದುಕೊಂಡಿದ್ದೆ, ಕೈಗೆ ಹತ್ತು ಸಲ ಸೋಪು ಹಾಕಿದ್ದೆ. ಇದನ್ನು ತೊಳೆಯುವುದು ಹೇಗೆ? ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಕಮೋಡು ಎಲ್ಲಿದೆ, ಟವೆಲು ಹೇಗೆ ಮಡಿಸಬೇಕು, ಎಲ್ಲ. ಹುಡುಗಿ ಬಗ್ಗುವುದಿಲ್ಲವೆಂದಾದರೆ ಹೊಲಸು ಮಾಡುವ ಅಗತ್ಯವೇ ಅವನಿಗಿರಲಿಲ್ಲ.

ಲಿಫ್ಟಿನಲ್ಲಿ ಇಳಿಯುವಾಗ ನಾನು ರಾಹುಲನಿಗೆ ಅದನ್ನೇ ಹೇಳಿದೆ. ಅವನು ಕರವಸ್ತ್ರದಿಂದ ಬೆರಳೊಂದೊಂದನ್ನೂ ಒರೆಸಿಕೊಳ್ಳುತ್ತಾ, "ಅಚ್ಛಾ ಆಯ್ತಲ್ಲ, ಪ್ರಾಬ್ಲಂ ಸಾಲ್ವ್ ಆಯ್ತು. ಯಾರ ಹತ್ರಾನೂ ಇದನ್ನ ಎತ್ತಬೇಡ," ಎಂದ.

ವಾರದೊಳಗೆ ಆ ಅತಿಥಿ ತಾನಾಗಿ ಬೇರೆ ಹೋಟೆಲಿಗೆ ಹೋದ. ನಮ್ಮಲ್ಲಿ ಸೇವೆಯ ಮಟ್ಟ ಕುಸಿದಿದೆ ಎಂದು ಹೇಳಿ ಹೋದ. ಸಲೋಮಿಯನ್ನು ಕಂಟ್ರಾಕ್ಟರ್ ವಾಪಸು ಕರೆಸಿಕೊಂಡ, ಕಾರಣ ಹೇಳಲಿಲ್ಲ. ಪದ್ಮಾಳನ್ನು ಕೆಳಗಿನ ಲಾಂಡ್ರಿಗೆ ಹಾಕಿದರು. ಕಿಟಕಿಯಿಲ್ಲದ ನೆಲಮಾಳಿಗೆ, ಇಡೀ ದಿನ ಹಬೆ. ಕ್ಯಾಂಟೀನಿನ ಗೋಡೆಯಲ್ಲಿ ಅವಳ ಫೋಟೋ ಇದ್ದ ಕಡೆ ನಾಲ್ಕು ಮೊಳೆಯ ತೂತು ಉಳಿದವು. ಬ್ಯಾಡ್ಜುಗಳನ್ನು "ಹೊಸ ವಿನ್ಯಾಸಕ್ಕಾಗಿ" ಎಂದು ವಾಪಸು ತೆಗೆದುಕೊಂಡರು. ಹೊಸವು ಬರಲೇ ಇಲ್ಲ.

ಕೆಲಸ ಏನಾಯಿತೆಂದರೆ, ಸತ್ತುಹೋಯಿತು. ಯಾರೂ ಮುಷ್ಕರ ಮಾಡಲಿಲ್ಲ, ಯಾರೂ ಎದುರಾಡಲಿಲ್ಲ. ಎಲ್ಲರೂ ಕೇಳತೊಡಗಿದರು, ಅಷ್ಟೇ. ಅತಿಥಿ ಇನ್ನೊಂದು ದಿಂಬು ಬೇಕೆಂದರೆ "ಕೇಳಿ ಹೇಳ್ತೀನಿ ಸರ್." ನಲ್ಲಿ ಸೋರುತ್ತಿದೆಯೆಂದರೆ "ಕೇಳಿ ಹೇಳ್ತೀನಿ." ಬಿಮಲಾ ಒಂದು ದಿನ ಕಾರಿಡಾರಿನಲ್ಲಿ ತಲೆಸುತ್ತಿ ಕೂತಿದ್ದ ಹೆಂಗಸಿಗೆ ನೀರು ಕೊಡುವ ಮೊದಲು ನನಗೆ ಫೋನ್ ಮಾಡಿ ಅನುಮತಿ ಕೇಳಿದಳು. ವ್ಯಂಗ್ಯವಾಗಿ ಅಲ್ಲ, ಹೆದರಿ. ದೂರುಗಳು ನನ್ನ ಮೇಜಿನ ಮೇಲೆ ಮತ್ತೆ ರಾಶಿ ಬಿದ್ದವು. ಇದೇ ಸಮಯಕ್ಕೆ ರಾಹುಲ್ ದಿಲ್ಲಿಯ ಯಾವುದೋ ಸಮ್ಮೇಳನದಲ್ಲಿ ತನ್ನ ಯೋಜನೆಯ ಯಶಸ್ಸಿನ ಬಗ್ಗೆ ಮಾತಾಡಿ ಫಲಕ ಪಡೆದು ಬಂದ. ಜಪಾನಿ ಇಂಜಿನಿಯರನ ಹಲಗೆಯ ಕಥೆಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಹಲಗೆ ಹಾಸಿದವಳ ಹೆಸರು ಅವನಿಗೆ ನೆನಪಿರಲಿಲ್ಲ. "ನಮ್ಮ ಒಬ್ಬ ಅಸೋಸಿಯೇಟ್" ಎಂದನಂತೆ.

ಆ ಚಳಿಗಾಲದ ಒಂದು ಭಾನುವಾರ ಪದ್ಮಾ ನನ್ನನ್ನು ಊಟಕ್ಕೆ ಕರೆದಳು. ಕಂಟ್ರಾಕ್ಟರ್ ಬೇರೆ ಕಡೆ ಕೆಲಸಕ್ಕೆ ಹಾಕಿದ್ದ ಸಲೋಮಿಯನ್ನೂ ಕರೆದಿದ್ದಳು. ಕಿದ್ವಾಯಿ ನಗರದ ಮನೆಯ ಮುಂದಿನ ಹುಲ್ಲಿನ ಮೇಲೆ ಚಂದ್ರಕಾಂತ ಬಿಸಿಲಿಗೆ ಮೈ ಕಾಯಿಸುತ್ತಾ ಕಿತ್ತಳೆ ಸುಲಿಯುತ್ತಿದ್ದ. "ನಮ್ಮ ಆಫೀಸೇ ವಾಸಿ ಗಗನ್. ಅಧಿಕಾರ ಕೊಡೋದೂ ಇಲ್ಲ, ಕಿತ್ಕೊಳ್ಳೋದೂ ಇಲ್ಲ," ಎಂದು ನಗಿಸಲು ನೋಡಿದ. ಹೆಂಡತಿ ನಗಲಿಲ್ಲ. ಅವಳ ಕೈಗಳು ಲಾಂಡ್ರಿಯ ಸೋಡಾಕ್ಕೆ ಬಿರಿದಿದ್ದವು.

ಒಳಗೆ ಸುಶೀಲಮ್ಮ ಕಾಫಿ ತಂದರು. ನಮಗೆಲ್ಲ ಸ್ಟೀಲಿನ ಲೋಟ. ಸಲೋಮಿಗೆ ಮಾತ್ರ ಹಿಡಿಕೆ ಮುರಿದ ಪಿಂಗಾಣಿ ಕಪ್ಪು, ಹಿತ್ತಲ ಕಿಟಕಿಯ ಮೇಲಿಂದ ತೆಗೆದದ್ದು. ಸಲೋಮಿ ಏನೂ ಕಾಣದವಳಂತೆ ಕೈಚಾಚಿದಳು. ಅದಿತಿಯೇ ಮೊದಲು ಬಾಯಿಬಿಟ್ಟಳು: "ಅಜ್ಜಿ, ಯೇ ತೋ ಕೆಲಸದವಳ ಕಪ್ ಹೈ ನಾ?"

ಪದ್ಮಾಳ ಮುಖ ನೋಡಿದೆ. ಸಭರ್ವಾಲರ ಕೋಣೆಯಲ್ಲಿ ಹಣ್ಣಿನ ಬುಟ್ಟಿ ನೋಡುವಾಗ ಹೇಗಿತ್ತೋ ಹಾಗೇ ಇತ್ತು.

"ಅತ್ತೆ, ಇಂಥದ್ದೇ ಇನ್ನೊಂದು ಕಪ್ ಇದ್ದರೆ ನನಗೂ ಕೊಡಿ," ಎಂದಳು.

"ನಿನಗ್ಯಾಕೆ ಅದು?"

"ಅವಳು ತೊಳೆದಿದ್ದನ್ನೇ ನಾನೂ ತೊಳೆದಿದೀನಿ. ದಿನಾ ಸಂಜೆ ನನ್ನನ್ನ ಬಚ್ಚಲಿಗೆ ಕಳಿಸ್ತೀರಲ್ಲ. ಇವತ್ತಿಂದ ಅದೂ ಇಲ್ಲ. ಕೈಕಾಲು ತೊಳೀತೀನಿ, ಅಡುಗೆಮನೆಗೆ ಬರ್ತೀನಿ. ಬೇಡ ಅಂದರೆ ಈಗಲೇ ಹೇಳಿ, ನಾವು ಮೂರು ಜನ ಹೊರಗೆ ತಿಂದು ಬರ್ತೀವಿ."

ಸುಶೀಲಮ್ಮ ಮಗನ ಕಡೆ ನೋಡಿದರು. ಚಂದ್ರಕಾಂತ ಸುಲಿದ ಕಿತ್ತಳೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. "ಅಮ್ಮಾ, ಲೋಟ ಕೊಡು," ಎಂದ ಮೆಲ್ಲಗೆ. ಅವರು ಸಲೋಮಿಯ ಕೈಯಿಂದ ಕಪ್ಪು ತೆಗೆದುಕೊಂಡು ಒಳಗೆ ಹೋದರು, ಸ್ಟೀಲಿನ ಲೋಟದಲ್ಲಿ ಕಾಫಿ ತಂದಿಟ್ಟರು. ಆಮೇಲೆ ತಲೆನೋವೆಂದು ಮಲಗಿದವರು ನಾವು ಹೊರಡುವ ತನಕ ಏಳಲಿಲ್ಲ. ಅವರೇನೂ ಬದಲಾದರೆಂದು ನಾನು ಹೇಳುವುದಿಲ್ಲ. ಆ ಲೋಟವನ್ನು ಅವರು ಆಮೇಲೆ ಬೆಂಕಿಯಲ್ಲಿ ಕಾಯಿಸಿ ತೊಳೆದರೆಂದು ಇನ್ನೊಮ್ಮೆ ಹೋದಾಗ ಅದಿತಿ ನಗುತ್ತಾ ಹೇಳಿದಳು. ಆದರೆ ಬಚ್ಚಲ ದೀಪ ಹಾಕಿಡುವುದು ನಿಂತಿತು.

ಪದ್ಮಾ ಆ ಮಾರ್ಚ್‌ನಲ್ಲಿ ಹೋಟೆಲು ಬಿಟ್ಟಳು. ಬೀಳ್ಕೊಡುಗೆಯ ಕೇಕು ತರಿಸಿದ್ದರು, ತಿನ್ನದೆ ಹೋದಳು. ದಿಲ್ಲಿಯ ಲಕ್ಷ್ಮೀ ನಗರದಲ್ಲಿ ಕೋಚಿಂಗಿಗೆ ಬರುವ ಹುಡುಗಿಯರಿಗಾಗಿ ನಡೆಸುತ್ತಿದ್ದ ಹಾಸ್ಟೆಲೊಂದಕ್ಕೆ ಮ್ಯಾನೇಜರ್ ಆಗಿ ಸೇರಿಕೊಂಡಳು. ಸಲೋಮಿಯನ್ನೂ ಅಲ್ಲಿಗೇ ಕರೆಸಿಕೊಂಡಳು. ಕಟ್ಟಡ ಹಳೆಯದು, ಗಲ್ಲಿ ಇಕ್ಕಟ್ಟು, ತಲೆಯ ಮೇಲೆ ಕರೆಂಟಿನ ತಂತಿಗಳ ಜೇಡರಬಲೆ. ಪಕ್ಕದಲ್ಲೇ ಮೋಮೋ ಮಾರುವ ಭಯ್ಯಾನ ತಳ್ಳುಗಾಡಿ, ಅದರ ಬುಡದಲ್ಲಿ ತೆರೆದ ಚರಂಡಿ. ಹೋಟೆಲಿನ ಲಾಬಿಯಿಂದ ಬಂದ ನನಗೆ ಮೂಗು ಮುಚ್ಚಿಕೊಳ್ಳಬೇಕೆನಿಸಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಾನೂ ಕೆಲಸ ಬಿಟ್ಟು ಊರಿಗೆ ಹೊರಟಾಗ ಅವಳನ್ನು ನೋಡಿ ಬರಲು ಹೋದೆ. ನೀರಿಗೆ ಹಾಹಾಕಾರದ ದಿನ. ಹಾಸ್ಟೆಲಿನ ಮೆಟ್ಟಿಲ ತುಂಬ ಬಕೆಟ್ ಹಿಡಿದ ಹುಡುಗಿಯರು ಕೂಗಾಡುತ್ತಿದ್ದರು. ಬಂದ ಟ್ಯಾಂಕರನ್ನು ಸಲೋಮಿ ವಾಪಸು ಕಳಿಸಿಬಿಟ್ಟಿದ್ದಳು. ಪದ್ಮಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲಿನಿಂದ ಇಳಿದು ಬಂದಳು.

"ಇಡೀ ಟ್ಯಾಂಕರ್ ವಾಪಸ್ ಕಳಿಸಿದೆಯಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಸಲೋಮಿ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ನೀರು ನಾರುತ್ತಿತ್ತು ದೀದಿ. ಹುಡುಗಿಯರು ಅದನ್ನೇ ಕುಡೀತಾರೆ. ಬೇಡ ಅಂದೆ."

ಪದ್ಮಾ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಹುಡುಗಿಯರ ಕಡೆ ತಿರುಗಿ, "ಕೇಳಿದ್ರಲ್ಲಾ? ಇವತ್ತು ಯಾರಿಗೂ ಸ್ನಾನ ಇಲ್ಲ. ಬಕೆಟ್ ಎತ್ಕೊಂಡು ನಡೀರಿ," ಎಂದು ಕೂಗಿದಳು. ನನ್ನ ಕೈಗೂ ಎರಡು ಖಾಲಿ ಕೊಡ ಕೊಟ್ಟು ಮುಂದಿನ ಗಲ್ಲಿಯ ನಲ್ಲಿಗೆ ಕಳಿಸಿದಳು.